ಕಾಗೆಯ ಪ್ರವೇಶ ಸಂದರ್ಶನ

ಮಾವಿನ ತೋಪಿನ ವಿಶ್ವವಿದ್ಯಾಲಯದಲ್ಲಿ ಸಂಗೀತದ ಎಂ.ಎ.ಗೆ ಅರ್ಜಿ ಹಾಕಿದ್ದ ಕಾಗೆಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಸಂದರ್ಶನಕ್ಕೆ ಹೋದಾಗ ವಿಭಾಗದ ಮುಖ್ಯಸ್ಥನಾದ ಗಂಡುಕೋಗಿಲೆ ಹೇಳಿತು: “ನೀವು ಇಲ್ಲಿ ಹಾಡುತ್ತಿರಿ. ಅಷ್ಟರಲ್ಲಿ ನಮ್ಮ ಮನೆಯವರು ನಿಮ್ಮ ಗೂಡು ನೋಡಿ ಬರುತ್ತಾರೆ. ಅವರೂ ಇದೇ ವಿಭಾಗದ ಅಧ್ಯಾಪಕಿ.”

“ಹಾಡು ಕಲಿಯುವವಳ ಗೂಡು ನಿಮಗೇಕೆ?” ಎಂದಿತು ಕಾಗೆ, ಕಣ್ಣು ಓರೆ ಮಾಡಿ.

“ಅಭ್ಯಾಸಕ್ಕೆ ತಕ್ಕ ಸ್ಥಳವಿದೆಯೇ ಎಂದು ನೋಡದೆ ನಾವು ಸೀಟು ಕೊಡುವುದಿಲ್ಲ. ಇದು ವಿಭಾಗದ ಪದ್ಧತಿ.”

“ಗೂಡಿನಲ್ಲಿ ನನ್ನ ಮೊಟ್ಟೆಗಳಿವೆ. ಒಂದು ಕಡ್ಡಿ ಅಲುಗಿದರೂ ನನಗೆ ಗೊತ್ತಾಗುತ್ತದೆ.”

“ಗೊತ್ತಾಗಲೇಬೇಕು. ಅನುಮಾನ ಪಡುವವರೇ ಒಳ್ಳೆಯ ವಿದ್ಯಾರ್ಥಿಗಳು,” ಎಂದು ಕೋಗಿಲೆ ಗಂಭೀರವಾಗಿ ಶ್ರುತಿ ಹಿಡಿಯಿತು.

ಕಾಗೆ ಹಾಡಿತು, ಆದರೆ ಮನಸ್ಸೆಲ್ಲ ಗೂಡಿನಲ್ಲೇ ಇತ್ತು. ಸೀಟು ಸಿಕ್ಕಿತೆಂದು ತಿಳಿದರೂ ಹಿಗ್ಗಲಿಲ್ಲ. ನೆಟ್ಟಗೆ ಮನೆಗೆ ಹಾರಿ, ಕಡ್ಡಿ ಕಡ್ಡಿಯನ್ನೂ ಕೊಕ್ಕಿನಿಂದ ಮೀಟಿ ನೋಡಿತು. ನಾರು, ತಂತಿ, ತಾನೇ ಯಾರದೋ ಅಡುಗೆಮನೆಯಿಂದ ಕದ್ದು ತಂದಿದ್ದ ಚಮಚ, ಎಲ್ಲ ಇದ್ದವು. ತನ್ನ ಮೊಟ್ಟೆಗಳೂ ಇದ್ದವು.

“ಪಾಪ, ಮರ್ಯಾದಸ್ಥರನ್ನು ಸುಮ್ಮನೆ ಅನುಮಾನಿಸಿದೆ,” ಎಂದುಕೊಂಡಿತು. ಏನು ಕಳುವಾಗಿದೆ ಎಂದಷ್ಟೇ ಹುಡುಕಿದ್ದ ಆ ಕಾಗೆ, ಕೋಗಿಲೆಯ ಮೊಟ್ಟೆಯನ್ನೂ ಸೇರಿಸಿಕೊಂಡು ನಿರಾಳವಾಗಿ ಕಾವಿಗೆ ಕೂತಿತು.