ನಾಲ್ಕನೆಯ ನಳಿಗೆ

“ಮಾವ, ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಿ ಅದು ಸತ್ತಮೇಲೂ ವರ್ಷಗಟ್ಟಲೆ ಇಡುತ್ತೇವಲ್ಲ, ಹೋದದ್ದು ನಿಜವಾಗಿಯೂ ಹಿಂತಿರುಗುತ್ತದೆಯೇ?” ತಳಿಕೇಂದ್ರದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿಯುತ್ತಿರುವ ಶಿಷ್ಯ ಕೇಳಿದ.

ನಾನು ಹೇಳಿದೆ: ಕೇಳು. ಇದರ ಪ್ರತಿ ಅಕ್ಷರವೂ ಸತ್ಯ. ಸುಳ್ಳಾದರೆ ನನ್ನ ಮೀಸೆ ಹುಂಜದ ಬಾಲವಾಗಲಿ.

ಕೋಳಿ ಸಾಕುವವಳೊಬ್ಬಳಿದ್ದಳು. ಅವಳ ಬಳಿ ಒಂದು ಹುಂಜವಿತ್ತು. ಆ ತಳಿಯಲ್ಲಿ ಉಳಿದ ಹುಂಜ ಅದೊಂದೇ. ಬೆಳಗ್ಗೆ ಅದು ಕೂಗಿದರೆ ಅವಳ ಗಂಡ ಹಾಸಿಗೆಯಿಂದಲೇ ಹುಂಜದ ಹಾಗೆ ಓಗೊಡುತ್ತಿದ್ದ. ಹುಂಜಕ್ಕೆ ಸಿಟ್ಟು ಬಂದು ಇನ್ನೂ ಜೋರಾಗಿ ಕೂಗುತ್ತಿತ್ತು.

“ನಿಮ್ಮಿಬ್ಬರಲ್ಲಿ ನಾನು ಕಟ್ಟಿಕೊಂಡದ್ದು ಯಾರನ್ನು?” ಎಂದು ಅವಳು ಬಯ್ಯುತ್ತಿದ್ದಳು.

ಗಂಡ ಸತ್ತ. ಹುಂಜ ಮಾತ್ರ ಒಮ್ಮೆ ಕೂಗಿ, ಕತ್ತು ಓರೆ ಮಾಡಿ, ಉತ್ತರಕ್ಕೆ ಕಾಯುತ್ತಿತ್ತು. ಅವಳೂ ಕಾಯುತ್ತಿದ್ದಳು.

ಹುಂಜಕ್ಕೂ ವಯಸ್ಸಾಯಿತು. ಅವಳು ಪಶುವೈದ್ಯನ ಬಳಿ ಹೋಗಿ, “ಇದು ಹೋದಮೇಲೂ ಆ ಕೂಗು ನನಗೆ ಬೇಕು. ಏನಾದರೂ ಮಾಡಿ” ಎಂದಳು. ವೈದ್ಯ ಹುಂಜದ ಬೆನ್ನು ಸವರಿ ವೀರ್ಯ ತೆಗೆದ. ಚಳಿಗೆ ಸಾಯದಿರಲೆಂದು ಗ್ಲಿಸರಿನ್ ಬೆರೆಸಿದ. ಕಡ್ಡಿಯಷ್ಟು ಸಣ್ಣ ನಾಲ್ಕು ನಳಿಗೆಗಳಲ್ಲಿ ತುಂಬಿ, ದ್ರವ ಸಾರಜನಕದ ಕ್ಯಾನಿಗೆ ಇಳಿಸಿದ. ನಾನು ಅಲ್ಲೇ ಇದ್ದೆ. ಮುಚ್ಚಳ ತೆಗೆದಾಗ ಬಗ್ಗಿ ನೋಡಿದೆ ನೋಡು, ಮೀಸೆ ಹೆಪ್ಪುಗಟ್ಟಿತು. ಯುಗಾದಿಯವರೆಗೆ ಕರಗಲಿಲ್ಲ.

ಹುಂಜ ಸತ್ತಿತು. ಅದೇ ತಳಿಯ ಹೇಂಟೆಗಾಗಿ ಅವಳು ಆರು ವರ್ಷ ಸಂತೆ ಸಂತೆ ಅಲೆದಳು. ಸಿಗಲಿಲ್ಲ. ಕೊನೆಗೆ ಬೇರೆ ತಳಿಯ ಹೇಂಟೆಯೊಂದನ್ನು ತಂದಳು.

ವೈದ್ಯ ಜೀವಮಾನವಿಡೀ ಹಸುಗಳ ಕೆಲಸ ಮಾಡಿದವನು. ಹಸುವಿಗಾದರೆ ನಳಿಗೆಯಲ್ಲಿದ್ದದ್ದನ್ನು ಕರಗಿಸಿ ಹಾಗೆಯೇ ಹಾಕುತ್ತಾರೆ. ಕೋಳಿಗೂ ಹಾಗೆಯೇ ಹಾಕಿದ. ಹೇಂಟೆ ಮೊಟ್ಟೆಯಿಟ್ಟಿತು. ಕೆಲದಿನ ಕಾವು ಕೊಟ್ಟು ದೀಪಕ್ಕೆ ಹಿಡಿದು ನೋಡಿದರೆ ಎಲ್ಲವೂ ಬರಿದು. ಎರಡನೆಯ ನಳಿಗೆಯೂ ಹೀಗೆಯೇ ಹೋಯಿತು, ಮೂರನೆಯದೂ.

ಆಗ ನನ್ನಂಥ ಮಹಾಪಂಡಿತನನ್ನು ಕೇಳುವ ಬುದ್ಧಿ ಅವನಿಗೆ ಬಂತು. “ಇದು ಹಸುವಲ್ಲ ಮಾರಾಯ, ಕೋಳಿ. ಇದರ ಒಡಲಲ್ಲಿ ಗ್ಲಿಸರಿನ್ನೇ ಅಡ್ಡಿ. ತೊಳೆದು ಹಾಕು” ಎಂದೆ.

ವೈದ್ಯ ಅವಳಿಗೆ ಹೇಳಿದ: “ಒಂದೇ ನಳಿಗೆ ಉಳಿದಿದೆ, ತಾಯಿ. ಗ್ಲಿಸರಿನ್ ತೊಳೆಯುವಾಗಲೂ ಬಹಳಷ್ಟು ವೀರ್ಯಾಣುಗಳು ಸಾಯುತ್ತವೆ.”

“ಇಷ್ಟು ವರ್ಷ ಅವನ್ನು ಚಳಿಯಿಂದ ಕಾದದ್ದು ಅದೇ ಅಲ್ಲವೇ?”

“ಹೌದು. ಕಾದದ್ದೂ ಅದೇ, ಈಗ ಮೊಟ್ಟೆಗೆ ಸೇರಗೊಡದಿರುವುದೂ ಅದೇ.”

ಅವಳು ಕ್ಯಾನಿನ ಮೇಲೆ ಕೈಯಿಟ್ಟಳು. ಆಮೇಲೆ, “ತೊಳೆಯಿರಿ” ಎಂದಳು.

ಈ ಸಲ ಬಂದ ಮೊಟ್ಟೆಗಳನ್ನು ಕಾವಿಗೆ ಇಟ್ಟು ವಾರದ ಮೇಲೆ ನೋಡಿದಾಗ ಒಂದರೊಳಗೆ ಮಾತ್ರ ಕೆಂಪು ಎಳೆಗಳು ಕಂಡವು. ಅದನ್ನು ಕಾವಿನಲ್ಲೇ ಬಿಟ್ಟಳು. ಇಪ್ಪತ್ತೊಂದನೆಯ ದಿನ ಮರಿ ಹೊರಬಂತು. ದಿನ ಕಳೆದಂತೆ ಗೊತ್ತಾಯಿತು, ಅದು ಹೇಂಟೆ.

ವೈದ್ಯ ತಲೆ ತಗ್ಗಿಸಿದ. ಹೇಂಟೆ ಕೂಗುವುದಿಲ್ಲ. ಐದನೆಯ ನಳಿಗೆ ಇಲ್ಲ. ಅವಳು ದಿನಾ ಬೆಳಗ್ಗೆ ಗೂಡಿನ ಬಾಗಿಲು ತೆರೆದು ಅದರ ಮುಂದೆ ಕೂರುತ್ತಿದ್ದಳು.

ಒಂದು ಬೆಳಗ್ಗೆ ಆ ಹೇಂಟೆ ಗೂಡಿನ ನೆತ್ತಿಗೆ ಹಾರಿತು. ಕತ್ತು ಎತ್ತಿ, ಥೇಟ್ ಅಪ್ಪನ ಹಾಗೆ ಕೂಗಿತು. ಕೂಗಿ, ಕಾಯಿತು. ಆಗ ಅವಳು, ಹುಟ್ಟಿದಾರಭ್ಯ ಹೊರಗಿನವರ ಮುಂದೆ ದನಿ ಎತ್ತದವಳು, ಊರೆಲ್ಲ ಎದ್ದು ಕೂರುವಂತೆ ಗಂಡನ ದನಿಯಲ್ಲಿ ಓಗೊಟ್ಟಳು.

ಶಿಷ್ಯ ಗೊಳ್ಳೆಂದು ನಕ್ಕ. “ಏನು ಮಾವ, ಹೇಂಟೆ ಎಲ್ಲಾದರೂ ಹುಂಜದ ಹಾಗೆ ಕೂಗುತ್ತದೆಯೇ?”

“ಅದೊಂದು ಚೂರು ನಾನು ಸೇರಿಸಿದ್ದು, ಅಪ್ಪಾ, ಅವಳು ಓಗೊಟ್ಟದ್ದು ನಿಜ.”