ಎಡಕ್ಕೆ ತಿರುಗದ ಮುಖ

“ಉಸ್ತಾದ್, ಬಾಂಗು ಕೊಡುವಾಗ ‘ನಮಾಜಿನೆಡೆಗೆ ಬನ್ನಿ’ ಎಂದು ಬಲಕ್ಕೂ ‘ವಿಜಯದೆಡೆಗೆ ಬನ್ನಿ’ ಎಂದು ಎಡಕ್ಕೂ ಮುಖ ತಿರುಗಿಸಬೇಕು ಎನ್ನುತ್ತೀರಿ. ತಿರುಗಿದರೆ ಬಾಯಿ ಮೈಕಿನಿಂದ ಸರಿದು ದನಿ ಕುಗ್ಗುತ್ತದೆ. ಮೈಕ್ ಇರುವಾಗ ಕತ್ತು ಯಾಕೆ ತಿರುಗಿಸಬೇಕು?” ಎಂದು ತಾಜುದ್ದೀನ ಕೇಳಿದ. ಮರುದಿನದಿಂದ ಮಸೀದಿಯಲ್ಲಿ ಬಾಂಗು ಕೊಡುವ ಕೆಲಸ ಅವನದಾಗಲಿತ್ತು.

“ಒಳ್ಳೆಯ ನೆಪ. ನಿನಗಿಂತ ಮೊದಲೇ ಒಬ್ಬನಿಗೆ ಹೊಳೆದಿತ್ತು,” ಎಂದು ಉಸ್ತಾದರು ಹೇಳತೊಡಗಿದರು.

ಒಂದೂರಿನಲ್ಲಿ ಅಣ್ಣತಮ್ಮಂದಿರಿದ್ದರು. ತಮ್ಮನು ಮಸೀದಿಯಲ್ಲಿ ಬಾಂಗು ಕೊಡುತ್ತಿದ್ದ. ಅಣ್ಣ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಅಣ್ಣನ ಮನೆ ಮಸೀದಿಯ ಎಡಕ್ಕೆ. ಅವನ ಜಗಲಿಯಲ್ಲಿ ಕೂತರೆ ಬಾಂಗು ಕೊಡುವ ಕಟ್ಟೆ ಚೆನ್ನಾಗಿ ಕಾಣುತ್ತಿತ್ತು.

ತಮ್ಮನು ಪರವೂರಿಗೆ ಹೋಗಿದ್ದಾಗ ತಾಯಿ ತೀರಿಕೊಂಡಳು. ಅವನಿಗೆ ಹೇಳಿ ಕಳಿಸಿದರು. ಸತ್ತವರನ್ನು ಕಾಯಿಸಬಾರದು ಎಂದು ಹಿರಿಯರು ಅವಸರ ಮಾಡಿದರು. ಅಣ್ಣ ಮಧ್ಯಾಹ್ನದವರೆಗೆ ತಮ್ಮನ ದಾರಿ ನೋಡಿ, ಆಮೇಲೆ ಮಣ್ಣು ಕೊಟ್ಟ. ತಮ್ಮ ಬಂದಾಗ ಗೋರಿಯ ಮೇಲೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ.

“ಅಮ್ಮನ ಮುಖ ನನಗೆ ತೋರಿಸಲಿಲ್ಲವಲ್ಲ, ಇನ್ನು ನನ್ನ ಮುಖ ನೀನು ನೋಡಬೇಡ,” ಎಂದ ತಮ್ಮ.

ಸಿಟ್ಟಿನಲ್ಲಿ ಇಂಥ ಮಾತು ಯಾರ ಬಾಯಲ್ಲಾದರೂ ಬರುತ್ತದೆ. ತಮ್ಮ ಅದನ್ನು ನಡೆಸಿಕೊಂಡು ಬಂದ. ಅಣ್ಣ ಮಸೀದಿಗೆ ಬಂದರೆ ಅವನು ಕಂಬದ ಮರೆಗೆ ಸರಿಯುತ್ತಿದ್ದ. ಈದಿನ ದಿನ ಅಣ್ಣ ಕಳಿಸಿದ ಶೀರಖುರ್ಮಾ ಮುಚ್ಚಳ ತೆಗೆಯದೆ ವಾಪಸು ಹೋಯಿತು. ಬಾಂಗಿನಲ್ಲಿ ಬಲಕ್ಕೆ ತಿರುಗುತ್ತಿದ್ದ, ಎಡಕ್ಕೆ ತಿರುಗುತ್ತಿರಲಿಲ್ಲ. ಯಾರಾದರೂ ಕೇಳಿದರೆ ಮೈಕ್ ಅಡ್ಡ ಬರುತ್ತದೆ ಎನ್ನುತ್ತಿದ್ದ. ಬಲಕ್ಕೆ ಅಡ್ಡ ಬರದ ಮೈಕ್ ಎಡಕ್ಕೆ ಮಾತ್ರ ಅಡ್ಡ ಬರುತ್ತಿತ್ತು, ನೋಡು!

ಕೆಲವು ವರ್ಷಗಳ ಮೇಲೆ ಅಣ್ಣನಿಗೆ ಲಕ್ವ ಹೊಡೆದು ಕಾಲು ಬಿದ್ದುಹೋದವು. ಮಸೀದಿಗೆ ಬರುವುದು ನಿಂತಿತು. ಬಾಂಗಿನ ಹೊತ್ತಿಗೆ ಅವನನ್ನು ಹೆಂಡತಿ ಜಗಲಿಯ ಗಾದಿಯ ಮೇಲೆ ತಂದು ಕೂರಿಸುತ್ತಿದ್ದಳು. ಹಾಗೆ ಎರಡು ವರ್ಷ ಕಳೆದು ಅವನು ತೀರಿಕೊಂಡ.

ತಮ್ಮ ಓಡಿ ಬಂದ. ಕಫನ್ ಬಟ್ಟೆ ಕಟ್ಟುವ ಮೊದಲು, “ಮುಖ ನೋಡುವವರು ನೋಡಿಕೊಳ್ಳಿ,” ಎಂದರು. ತಮ್ಮ ನೋಡಿದ. ಬಹಳ ಹೊತ್ತು ನೋಡಿದ. ಆ ದಿನ ಯಾರೂ ಅವಸರ ಮಾಡಲಿಲ್ಲ. ಅವನಿಗೆ ದುಃಖ ತಡೆಯಲಾಗಲಿಲ್ಲ.

ಅತ್ತಿಗೆ ಬಾಗಿಲ ಮರೆಯಿಂದ ಹೇಳಿದಳು: “ಬಾಂಗಿನ ಹೊತ್ತಾಯ್ತು, ಜಗಲಿಗೆ ಕರ್ಕೊಂಡು ಹೋಗು ಅಂತಿದ್ರು. ಇವತ್ತು ಈ ಕಡೆ ತಿರುಗ್ತಾನೆ ನೋಡು ಅಂತಿದ್ರು. ಮುಗಿದ ಮೇಲೆ, ಪಾಪ, ಮೈಕ್ ಅಡ್ಡ ಬಂತೇನೋ ಅಂತಿದ್ರು.”

ಮರುದಿನ ಬಾಂಗಿನಲ್ಲಿ ತಮ್ಮ ಎಡಕ್ಕೆ ತಿರುಗಿದ. ಜಗಲಿಯಲ್ಲಿ ಗಾದಿ ಸುತ್ತಿಟ್ಟಿತ್ತು.

ಉಸ್ತಾದರು ಕತೆ ನಿಲ್ಲಿಸಿದರು. ತಾಜುದ್ದೀನ ಕೇಳಿದ: “ಆದರೂ ಉಸ್ತಾದ್, ಬಾಂಗು ಅಣ್ಣನಿಗೆ ದಿನವೂ ಕೇಳುತ್ತಲೇ ಇತ್ತಲ್ಲ?”

“ಕೇಳುತ್ತಿತ್ತು ಮಗನೇ; ಊರನ್ನೆಲ್ಲ ಕರೆಯುವ ತಮ್ಮ ತನ್ನೊಬ್ಬನನ್ನು ಬಿಟ್ಟು ಕರೆಯುತ್ತಿದ್ದಾನೆ ಎಂಬುದು ಐದು ಹೊತ್ತೂ ಕೇಳುತ್ತಿತ್ತು.”