ಬಲ್ಲವರು ನಾಳೆ ಬನ್ನಿ

ಹಾಲಿನ ಡೇರಿಗೆ ಲೆಕ್ಕ ಇಡುವ ಹೊಸ ಸಾಫ್ಟ್‌ವೇರ್ ಬಂತು. ಡೇರಿಯ ವಾಟ್ಸಾಪ್ ಗುಂಪಿಗೆ ಜಗಳ ಬಂತು. ಅದು ಸರಿಯಿಲ್ಲ, ಬೇರೆಯದೇ ಒಳ್ಳೆಯದು ಎಂದು ಹೆಚ್ಚುಕಡಿಮೆ ಎಲ್ಲರೂ, ಅದನ್ನು ಕಣ್ಣಿಂದ ನೋಡದವರೂ ಬರೆದರು.

ಅಧ್ಯಕ್ಷ ರುದ್ರಗೌಡರು ಗುಮಾಸ್ತೆ ಚೆನ್ನವ್ವನನ್ನು ಕರೆದರು. “ಸಂಜಿಯೊಳಗ ಎಲ್ಲಾರ ಬಾಯಿ ಮುಚ್ಚಸು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ.”

ಚೆನ್ನವ್ವ ಗುಂಪಿನಲ್ಲಿ ಒಂದೇ ಸಾಲು ಬರೆದಳು: “ಯಾವುದು ಒಳ್ಳೆಯದೆಂದು ಬಲ್ಲವರು ನಾಳೆ ಬೆಳಗಿನ ಹಾಲಿನ ಹೊತ್ತಿಗೆ ಬಂದು ನನಗೆ ಕಲಿಸಿಕೊಡಿ.”

ಗುಂಪು ತಣ್ಣಗಾಯಿತು.

“ಎಲ್ಲಾರೂ ಒಪ್ಪಿದ್ರು ನೋಡು,” ಗೌಡರು ಮೀಸೆ ತಿರುವಿದರು.

“ಒಪ್ಪಿಲ್ರೀ ಗೌಡ್ರ. ಅಭಿಪ್ರಾಯ ಹಂಗ ಐತಿ, ಪುರಸೊತ್ತಿಲ್ಲ ಅಷ್ಟ. ನೀವೂ ಗುಂಪಿನ್ಯಾಗ ಬರೆದಿದ್ರಲ್ಲ, ನಾಳೆ ಕಲಸಾಕ ಬರ್ತೀರೇನ್ರೀ?”

ಗೌಡರು ಫೋನನ್ನು ಜೇಬಿಗಿಳಿಸಿದರು.

ಬೆಳಿಗ್ಗೆ ಆ ಕರೆಗೆ ಓಗೊಟ್ಟು ಬಂದವಳು ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯದ, ಡೇರಿಗೆ ಹಾಲು ಹಾಕುವ ಫಕೀರವ್ವ ಒಬ್ಬಳೇ. “ನಂಗೇನೂ ತಿಳಿಯಂಗಿಲ್ಲ ಚೆನ್ನಿ. ನೀ ಕಲಿಯೂತನಕ ಹಾಲು ನಾ ಅಳದು ಕೊಡ್ತೇನಿ.”